ಡ್ಯೂಸೆಲ್‌ಡಾರ್ಫ್ ಕೆಳಗಿಳೀತು, ಈ ಜರ್ಮನ್ ಐಸ್ ಹಾಕಿ ಲೀಗಿನ ಲೆಕ್ಕಾಚಾರ ಯಾರಾದ್ರೂ ಬಿಡಿಸಿ ಹೇಳ್ತೀರಾ?

ರೈನ್ ದಂಡೆಯವ
ಎಲ್ರಿಗೂ ನಮಸ್ಕಾರ. ಮೂಲ ಹಾಸನ, ಈಗ ನಾಲ್ಕು ವರ್ಷದಿಂದ ಡ್ಯೂಸೆಲ್‌ಡಾರ್ಫಲ್ಲಿದೀನಿ. ನಮ್ಮ ಕೆಳಗಿನ ಮನೇಲಿ ಒಬ್ರು ಅಜ್ಜ ಇದಾರೆ, ಎಪ್ಪತ್ತು ದಾಟಿದೆ, ಒಬ್ರೇ ಇರೋದು. ಮೂರು ವರ್ಷದ ಹಿಂದೆ ಒಂದಿನ ಬಾಗಿಲು ತಟ್ಟಿ, ಒಂದು ಟಿಕೆಟ್ ಹೆಚ್ಚಿದೆ ಬರ್ತೀಯಾ ಅಂದ್ರು. ಅವತ್ತಿಂದ ನಂಗೆ ಈ ಐಸ್ ಹಾಕಿ ಹತ್ಕೊಂಡಿದ್ದು. ಒಳಗೆ ಕಾಲಿಟ್ಟ ತಕ್ಷಣ ಮುಖಕ್ಕೆ ತಣ್ಣಗೆ ಹೊಡೆಯೋ ಗಾಳಿ, ಸ್ಕೇಟ್ ತಿರುಗಿಸ್ದಾಗ ಐಸ್ ಕೆರೆಯೋ ಸದ್ದು, ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಗಾಜಿಗೆ ಬಡಿದ್ರೆ ಪಟಾಕಿ ಸಿಡಿದ ಹಾಗೆ. ಟೀವಿಲಿ ನೋಡಿದ್ರೆ ಇದ್ಯಾವ್ದೂ ಗೊತ್ತಾಗಲ್ಲ.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಡಿಇಜಿ ಅಂದ್ರೆ ಡ್ಯೂಸೆಲ್‌ಡಾರ್ಫರ್ ಇಜಿ, 2025ರ ಸೀಸನ್‌ನಲ್ಲಿ ಕಡೇ ಸ್ಥಾನಕ್ಕೆ ಬಂದು ಎರಡನೇ ದರ್ಜೆಗೆ ಇಳೀತು. ಎಂಟು ಸಲ ಜರ್ಮನ್ ಚಾಂಪಿಯನ್ ಆದ ಕ್ಲಬ್ಬು. ಅಜ್ಜ ಅವತ್ತಿಂದ ಬಾಲ್ಕನಿಲಿ ಕಟ್ಟಿರೋ ಕೆಂಪು ಹಳದಿ ಸ್ಕಾರ್ಫ್ ಬಿಚ್ಚಿಲ್ಲ, ಮಳೆ ಬಂದ್ರೂ ಅಲ್ಲೇ ಇದೆ. ನನ್ನ ಡೌಟು ಏನಂದ್ರೆ ಅದ್ರ ಹಿಂದಿನ ವರ್ಷ ಆಗ್ಸ್‌ಬರ್ಗ್ ಕೂಡ ಕಡೇಲಿತ್ತು, ಅವ್ರು ಯಾಕೆ ಇಳೀಲಿಲ್ಲ? ಮೊದಲು ಸುಮಾರು ವರ್ಷ ಇಳಿಯೋದೇ ಇರ್ಲಿಲ್ಲ ಅಂತಾನೂ ಕೇಳ್ದೆ. ಅಜ್ಜ ಸಿಟ್ಟು ಬಂದಾಗೆಲ್ಲ "ಇದು ಲೀಗಲ್ಲ, ಕಂಪನಿ" ಅಂತಾರೆ. ಅದ್ರರ್ಥ ಏನು? ಗೊತ್ತಿರೋರು ಮೊದಲಿಂದ ಹೇಳಿ.

ಕೊಲೋನ್ ಕಿಟ್ಟಿ
ನಾನು ಕೊಲೋನ್ ಕಡೆಯವನು, ಇಲ್ಲಿನ ಟೀಮು ಹೈಯೆ, ಅದ್ರ ಫ್ಯಾನು. ಆದ್ರೂ ಹೇಳ್ತೀನಿ, ಡಿಇಜಿ ಹೋಗಿದ್ದು ನಮಗೂ ಹೊಟ್ಟೇಲಿ ಸಂಕಟ. ಡರ್ಬಿ, ಅಂದ್ರೆ ಅಕ್ಕಪಕ್ಕದೂರಿನ ನಮ್ಮಿಬ್ರ ಮ್ಯಾಚು, ಇಲ್ದಿರೋ ಸೀಸನ್ ಅಂದ್ರೆ ಒಗ್ಗರಣೆ ಇಲ್ದಿರೋ ಸಾರು. 2015ರಲ್ಲಿ ನಿಮ್ಮೂರಿನ ಫುಟ್‌ಬಾಲ್ ಸ್ಟೇಡಿಯಮ್ಮಲ್ಲೇ ನಮ್ಗೂ ನಿಮ್ಗೂ ವಿಂಟರ್ ಗೇಮ್ ಆಯ್ತಲ್ಲ, 51 ಸಾವಿರಕ್ಕೂ ಹೆಚ್ಚು ಜನ ಸೇರಿದ್ರು, ಐಸ್ ಹಾಕಿಗೆ!

ಗಣಿತಮೇಷ್ಟ್ರು
ರೈನ್ ದಂಡೆಯವರೇ, ನಿಮ್ಮ ಅಜ್ಜ ಹೇಳಿದ್ದು ಅಕ್ಷರಶಃ ನಿಜ. ಸ್ವಲ್ಪ ಉದ್ದ ಆಗತ್ತೆ, ಓದಿ.

1958ರಲ್ಲಿ ಐಸ್‌ಹಾಕಿ ಬುಂಡೆಸ್‌ಲೀಗಾ ಅಂತ ಶುರುವಾಯ್ತು, ಎಂಟು ಕ್ಲಬ್ಬು. ಫುಟ್‌ಬಾಲ್ ಬುಂಡೆಸ್‌ಲೀಗಾ ಬಂದಿದ್ದು 1963ರಲ್ಲಿ, ಅಂದ್ರೆ ಹಾಕಿಯವ್ರೇ ಐದು ವರ್ಷ ಮುಂದೆ. ಆಗೆಲ್ಲ ಆಟ ಇದ್ದಿದ್ದು ಬವೇರಿಯಾದ ಬೆಟ್ಟದ ಊರುಗಳಲ್ಲಿ. ಫ್ಯೂಸೆನ್ ಅಂತ ಒಂದು ಪುಟ್ಟ ಊರು, ನಾಯ್‌ಶ್ವಾನ್‌ಸ್ಟೈನ್ ಕೋಟೆ ನೋಡೋಕೆ ಹೋಗ್ತೀರಲ್ಲ ಅದ್ರ ಪಕ್ಕ, ಅವ್ರು 16 ಸಲ ಚಾಂಪಿಯನ್. ಕೋಟೆ ಮುಂದೆ ಫೋಟೋ ತೆಗೆಸ್ಕೊಂಡು ಬರೋ ನಮ್ಮವರಲ್ಲಿ ಒಬ್ರಿಗೂ ಇದು ಗೊತ್ತಿರಲ್ಲ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟತ್ತೆ, ಹುಡುಗರು ಅಲ್ಲೇ ಆಡಿ ಬೆಳೆದ್ರು. ಆಮೇಲೆ ದುಡ್ಡಿರೋ ದೊಡ್ಡ ಊರುಗಳು ಬಂದ್ವು, ಕೊಲೋನ್, ಮ್ಯಾನ್‌ಹೈಮ್, ನಿಮ್ಮ ಡ್ಯೂಸೆಲ್‌ಡಾರ್ಫ್. 1990ರಿಂದ 93ರ ತನಕ ಸತತ ನಾಲ್ಕು ವರ್ಷ ಡಿಇಜಿನೇ ಚಾಂಪಿಯನ್.

ಆದ್ರೆ ಕ್ಲಬ್ಬುಗಳು ಸಾಲದಲ್ಲಿ ಮುಳುಗಿದ್ವು. ಆಟಗಾರರಿಗೆ ಸಂಬಳ ಜಾಸ್ತಿ, ಟಿಕೆಟ್ ದುಡ್ಡು ಸಾಲಲ್ಲ, ಪ್ರತಿವರ್ಷ ಯಾರೋ ಒಬ್ರು ದಿವಾಳಿ. ಅದಕ್ಕೆ 1994ರಲ್ಲಿ ಹಳೇ ವ್ಯವಸ್ಥೆ ಮುಚ್ಚಿ ಡಾಯ್ಚ ಐಸ್‌ಹಾಕಿ ಲೀಗಾ, ಡಿಇಎಲ್, ಅಂತ ಮಾಡಿದ್ರು. 18 ಟೀಮು. ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್ ನೋಡಿ ಮಾಡಿದ್ದು. ಲೀಗ್ ಅನ್ನೋದು ಒಂದು ಲಿಮಿಟೆಡ್ ಕಂಪನಿ, ಕ್ಲಬ್ಬುಗಳು ಅದ್ರ ಪಾಲುದಾರರು. ಆಡ್ಬೇಕಂದ್ರೆ ಪ್ರತಿವರ್ಷ ಲೆಕ್ಕಪತ್ರ ತೋರಿಸಿ ಲೈಸೆನ್ಸ್ ತಗೋಬೇಕು. ನಿಮ್ಮ ಅಜ್ಜ ಕಂಪನಿ ಅನ್ನೋದು ಇದನ್ನೇ.

ಹುಬ್ಬಳ್ಳಿ ಹುಡುಗ
ಮೇಷ್ಟ್ರ, ಭಾಳ ಚೊಲೋ ಬರದೀರಿ. ಆದ್ರ ದಿವಾಳಿ ನಿಂತಿತೇನ್ರೀ ಅದರಿಂದ? ಮೊದಲ ವರ್ಷನs ಮ್ಯೂನಿಕ್ ಟೀಮ್ ಅರ್ಧಕ್ಕ ಬಿಟ್ಟು ಹೋತು ಅಂತ ಓದೀನಿ.

ಗಣಿತಮೇಷ್ಟ್ರು
ಹೌದು, ಸರಿ ನೆನಪು ಮಾಡಿದ್ರಿ. ಹೆಡೋಸ್ ಮ್ಯೂನಿಕ್ ಅಂತ, 1994ರಲ್ಲಿ ಹಳೇ ಬುಂಡೆಸ್‌ಲೀಗಾದ ಕೊನೇ ಚಾಂಪಿಯನ್ನು ಅವರೇ. ಹೊಸ ಲೀಗಿಗೆ ಮ್ಯಾಡ್‌ಡಾಗ್ಸ್ ಅಂತ ಹೆಸರು ಬದಲಾಯಿಸ್ಕೊಂಡು ಬಂದ್ರು, ಡಿಸೆಂಬರ್ ಮುಗಿಯೋಷ್ಟರಲ್ಲಿ ದುಡ್ಡು ಖಾಲಿ, ಟೀಮೇ ಇಲ್ಲ. ವಸಂತದಲ್ಲಿ ಕಪ್ ಎತ್ತಿದವರು ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ಮಾಯ.

ವಾಲ್‌ಡಾರ್ಫ್ ವನಜ
ನಾವು ಮ್ಯಾನ್‌ಹೈಮ್ ಹತ್ರ ಇರೋರು, ಎಸ್‌ಎಪಿ ಸಾಫ್ಟ್‌ವೇರ್ ಕಂಪನೀಲಿ ಕೆಲಸ. ವೈಟ್‌ಫೀಲ್ಡ್ ಆಫೀಸಿಂದ ಇಲ್ಲಿಗೆ ಬಂದ ಕನ್ನಡದವ್ರು ಸುಮಾರು ಜನ ಇದೀವಿ, ನಮಗೆಲ್ಲ ಐಸ್ ಹಾಕಿ ಅಂದ್ರೆ ಆಡ್ಲರ್ ಮ್ಯಾನ್‌ಹೈಮ್. 2005ರಲ್ಲಿ ಕಟ್ಟಿದ ಎಸ್‌ಎಪಿ ಅರೇನಾ, ಕಂಪನಿ ಸ್ಥಾಪಕರಲ್ಲಿ ಒಬ್ಬರಾದ ಡೀಟ್ಮಾರ್ ಹಾಪ್ ಕುಟುಂಬದ ಬೆಂಬಲ. ಡಿಇಎಲ್ ಮೊದಲ ಚಾಂಪಿಯನ್ ಕೂಡ ನಮ್ಮವರೇ ಅಲ್ವಾ? 97, 98, 99 ಮೂರು ವರ್ಷ ಸತತ ಗೆದ್ದಿದ್ರು.

ಕೊಲೋನ್ ಕಿಟ್ಟಿ
ವನಜಾ ಮೇಡಂ, ಮೊದಲ ಚಾಂಪಿಯನ್ 1995ರಲ್ಲಿ ಕೊಲೋನ್ 🙂 ಎರಡನೇದು 96ರಲ್ಲಿ ಡ್ಯೂಸೆಲ್‌ಡಾರ್ಫ್. ಆಮೇಲೆ ನಿಮ್ಮ ಮೂರು.

ವಾಲ್‌ಡಾರ್ಫ್ ವನಜ
ಸರಿ ಸರಿ, ಒಪ್ಕೊಂಡೆ. ಮುಂದೆ 2001, 2007, 2015, 2019. ಎಲ್ಲ ಸೇರಿ ಡಿಇಎಲ್‌ನಲ್ಲಿ ಏಳು.

ಸುಳ್ಯದ ಶೀನ
ಏಳು ಒಳ್ಳೇದೇ ಮಾರಾಯ್ರೆ, ಆದ್ರೆ ಬರ್ಲಿನ್ ಐಸ್‌ಬೇರೆನ್‌ನವರದ್ದು ಹನ್ನೊಂದು! 2005ರ ಮೊದಲು ಒಂದೂ ಇರ್ಲಿಲ್ಲ, ಇಪ್ಪತ್ತು ವರ್ಷದಲ್ಲಿ ಹನ್ನೊಂದು. 2025ರದ್ದು ಬೇರೆ ರೀತಿದು. ಟೋಬಿಯಾಸ್ ಎಡರ್ ಅಂತ ಅವರ ಆಟಗಾರ, ಬರೇ 26 ವರ್ಷ, ಜನವರಿಯಲ್ಲಿ ಕ್ಯಾನ್ಸರಿಗೆ ಹೋದರು. ಏಪ್ರಿಲ್‌ನಲ್ಲಿ ಫೈನಲ್‌ನಲ್ಲಿ ಕೊಲೋನನ್ನು ಸೋಲಿಸಿ ಕಪ್ ತಗೊಂಡಾಗ ಅವರ 22 ನಂಬರಿನ ಜೆರ್ಸಿ ಜೊತೆಗೇ ಇತ್ತು. ನಾನು ಬರ್ಲಿನ್‌ನವನಲ್ಲ, ಆದ್ರೂ ಆ ಚಿತ್ರ ನೋಡಿ ಗಂಟಲು ಕಟ್ಟಿತು.

ಕೊಲೋನ್ ಕಿಟ್ಟಿ
ಸೋತಿದ್ದು ನಾವೇ. ಅದ್ರ ಬಗ್ಗೆ ನಮ್ಮ ಕಡೆಯವರು ಒಬ್ರೂ ಒಂದು ಕೆಟ್ಟ ಮಾತಾಡಿಲ್ಲ.

ಬೆಂದಕಾಳು
ಆಗ್ಸ್‌ಬರ್ಗ್ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ, ನಾನು ಹೇಳ್ತೀನಿ. ಎರಡನೇ ದರ್ಜೆ ಲೀಗಿನ ಹೆಸರು ಡಿಇಎಲ್2. ಅದ್ರಲ್ಲಿ ಗೆದ್ದವರು ಸುಮ್ನೆ ಮೇಲೆ ಬರೋಕಾಗಲ್ಲ, ಮೊದಲೇ ಅರ್ಜಿ ಹಾಕಿರ್ಬೇಕು, ದುಡ್ಡಿನ ಗ್ಯಾರಂಟಿ ಕಟ್ಟಿರ್ಬೇಕು, ಸ್ಟೇಡಿಯಂ ಸರಿ ಇರ್ಬೇಕು. ಗೆದ್ದವರು ಅರ್ಜಿ ಹಾಕಿಲ್ಲ ಅಂದ್ರೆ ಆ ವರ್ಷ ಯಾರೂ ಹತ್ತಲ್ಲ, ಮೇಲಿಂದ ಯಾರೂ ಇಳಿಯಲ್ಲ. 2024ರಲ್ಲಿ ಆಗ್ಸ್‌ಬರ್ಗ್ ಕಡೇ ಸ್ಥಾನ. ಕೆಳಗಡೆ ಫೈನಲ್‌ನಲ್ಲಿ ಕಾಸೆಲ್ ವರ್ಸಸ್ ರೇಗನ್ಸ್‌ಬರ್ಗ್. ಕಾಸೆಲ್ ಅರ್ಜಿ ಹಾಕಿತ್ತು, ರೇಗನ್ಸ್‌ಬರ್ಗ್ ಹಾಕಿರ್ಲಿಲ್ಲ. ಗೆದ್ದಿದ್ದು ರೇಗನ್ಸ್‌ಬರ್ಗ್. ಅಷ್ಟೇ, ಆಗ್ಸ್‌ಬರ್ಗ್ ಬಚಾವು. ತಾವು ಆಡದೇ ಇರೋ ಮ್ಯಾಚಲ್ಲಿ ಅವರ ಹಣೆಬರಹ ನಿರ್ಧಾರ ಆಯ್ತು.

ಮುಂದಿನ ವರ್ಷ ಡ್ರೆಸ್ಡನ್ ಅರ್ಜಿನೂ ಹಾಕಿತ್ತು, ಗೆದ್ದೂ ಬಿಡ್ತು. ಅದಕ್ಕೆ ಡಿಇಜಿ ಇಳೀಬೇಕಾಯ್ತು.

ರೈನ್ ದಂಡೆಯವ
ಈಗ ಅರ್ಥ ಆಯ್ತು ಗುರು, ಥ್ಯಾಂಕ್ಸ್. ಅಜ್ಜ "ಒಂದು ವರ್ಷ ಮೊದಲೇ ಕಡೇಲಿ ಬಂದಿದ್ರೆ ಆಗ್ತಿತ್ತು" ಅಂತ ಯಾಕೆ ಗೊಣಗ್ತಿದ್ರು ಅಂತ ಈಗ ಹೊಳೀತು.

ಹುಬ್ಬಳ್ಳಿ ಹುಡುಗ
ಕಾಸೆಲ್ ಮಂದಿ ಬಗ್ಗೆ ಯಾರರ ಬರೀರಿ. ಅವರನ್ನ 2010ರಾಗ ಡಿಇಎಲ್‌ನಿಂದ ಹೊರಗ ಹಾಕಿದ್ರು, ಆಟದಾಗ ಸೋತು ಅಲ್ಲ, ದಿವಾಳಿ ಅಂತ. ಕೋರ್ಟಿಗೆ ಹೋದ್ರೂ ಏನೂ ಆಗ್ಲಿಲ್ಲ. ಅವತ್ತಿಂದ ಮ್ಯಾಲ ಬರಾಕ ಒದ್ದಾಡಾಕತ್ತಾರ. 2024ರಾಗ ಬಾಗಲಾ ಮುಂದ ಬಂದು ನಿಂತು ಮತ್ತ ವಾಪಸ್. ನಾ ಕಾಸೆಲ್‌ನಾಗ ಎರಡು ವರ್ಷ ಓದೇನಿ, ಆ ಊರಿನ ಮಂದಿ ಎರಡನೇ ದರ್ಜೆ ಮ್ಯಾಚಿಗೂ ಸ್ಟೇಡಿಯಂ ತುಂಬ್ತಾರ. ಇಂಥವರಿಗೆ ದಾರಿ ಇರಬೇಕಂದ್ರ ಮ್ಯಾಲಿನವರು ಇಳೀಲೇಬೇಕು. ಡ್ಯೂಸೆಲ್‌ಡಾರ್ಫ್ ಆಗ್ಲಿ ಯಾರೇ ಆಗ್ಲಿ.

ಸುಮಾ ಮ್ಯೂನಿಕ್
ಇದಕ್ಕೆ ನಾನು ಒಪ್ಪಲ್ಲ. ಕೇಳೋಕೆ ಚೆನ್ನಾಗಿದೆ, ನ್ಯಾಯ ಅನ್ಸತ್ತೆ. ಆದ್ರೆ ಐಸ್ ಹಾಕಿ ಕ್ಲಬ್ ನಡೆಸೋದು ಫುಟ್‌ಬಾಲ್ ಥರ ಅಲ್ಲ. ನಮ್ಮ ಮಗ ಮೂರು ವರ್ಷದಿಂದ ಇಲ್ಲಿ ಮಕ್ಕಳ ಟೀಮಲ್ಲಿ ಆಡ್ತಾನೆ, ನಾನು ಹತ್ರದಿಂದ ನೋಡಿದೀನಿ. ಐಸ್ ಇಡೀ ದಿನ ತಣ್ಣಗಿರ್ಬೇಕು, ಕರೆಂಟ್ ಬಿಲ್ ಜಾಸ್ತಿ. ಆಟದಲ್ಲಿ ಮೂರು ಪೀರಿಯಡ್, ಅಂದ್ರೆ ಮೂರು ಭಾಗ, ಪ್ರತಿ ಪೀರಿಯಡ್ ಆದ್ಮೇಲೆ ಮಷೀನ್ ಬಂದು ಮೇಲಿನ ಪದರ ಕೆರೆದು ಬಿಸಿನೀರು ಬಿಡತ್ತೆ, ಅದು ಗಟ್ಟಿಯಾಗಿ ಮತ್ತೆ ಕನ್ನಡಿ ಥರ ಆಗತ್ತೆ. ಒಂದೊಂದು ಸ್ಟಿಕ್ಕು ನೂರಾರು ಯೂರೋ, ಮುರಿದ್ರೆ ಮುಗೀತು. ನಮ್ಮ ಮಗನಿಗೆ ಗೋಲ್‌ಕೀಪರ್ ಆಗೋ ಆಸೆ, ಆ ಪ್ಯಾಡಿನ ಬೆಲೆ ಕೇಳಿ ನಾವಿಬ್ರೂ ಒಂದು ರಾತ್ರಿ ಕೂತು ಲೆಕ್ಕ ಹಾಕಿದ್ವಿ.

ಇಂಥ ಆಟದಲ್ಲಿ ಮುಂದಿನ ವರ್ಷ ಯಾವ ಲೀಗಲ್ಲಿರ್ತೀವಿ ಅಂತ ಗೊತ್ತಿಲ್ದೇ ಇದ್ರೆ ಯಾವ ಸ್ಪಾನ್ಸರ್ ಮೂರು ವರ್ಷಕ್ಕೆ ಸಹಿ ಹಾಕ್ತಾನೆ? ಇಳೀತೀವಿ ಅನ್ನೋ ಭಯ ಬಂದ್ರೆ ಜನವರಿಲಿ ಮ್ಯಾನೇಜರ್ ಏನ್ ಮಾಡ್ತಾನೆ? ಸಾಲ ಮಾಡಿ ಇನ್ನೊಬ್ಬ ಕೆನಡಾ ಆಟಗಾರನ್ನ ತರ್ತಾನೆ. ನಮ್ಮೂರಿನ 19 ವರ್ಷದ ಹುಡುಗ ಬೆಂಚಲ್ಲೇ ಕೂತಿರ್ತಾನೆ. ನಂಗೆ ಅದೇ ಚಿಂತೆ.

ಬೆಂದಕಾಳು
ಸುಮಾ ಅವ್ರೇ, ಹಾಗಾದ್ರೆ ಇಳಿಕೆ ಇಲ್ದಿದ್ದಾಗ ಹುಡುಗ್ರಿಗೆ ಅವಕಾಶ ಸಿಗ್ತಿತ್ತಾ? 1995ರಲ್ಲಿ ಯುರೋಪಿನ ಕೋರ್ಟಿಂದ ಬಾಸ್ಮನ್ ತೀರ್ಪು ಬಂತು, ಯುರೋಪಿಯನ್ ಒಕ್ಕೂಟದ ಆಟಗಾರರಿಗೆ ಇಷ್ಟೇ ಜನ ಅಂತ ಮಿತಿ ಹಾಕೋ ಹಾಗಿಲ್ಲ ಅಂತ. ಅದು ಫುಟ್‌ಬಾಲ್ ಆಟಗಾರನ ಕೇಸು, ಆದ್ರೆ ಡಿಇಎಲ್ ಅದನ್ನ ಹಿಡ್ಕೊಂಡು ವಿದೇಶಿಯರಿಗೆ ಬಾಗಿಲು ಪೂರ್ತಿ ತೆಗೀತು. ತೊಂಬತ್ತರ ಕೊನೇಲಿ ಕೆಲವು ಟೀಮಲ್ಲಿ ಇಲ್ಲೇ ಆಟ ಕಲ್ತ ಜರ್ಮನ್ನರನ್ನ ಹುಡುಕ್ಬೇಕಿತ್ತು. ಅದ್ರ ಪರಿಣಾಮ ನೋಡಿ, ರಾಷ್ಟ್ರೀಯ ತಂಡ 1999ರಲ್ಲಿ ವಿಶ್ವ ಚಾಂಪಿಯನ್‌ಶಿಪ್ಪಿನ ಬಿ ಗುಂಪಲ್ಲಿ, ಅಂದ್ರೆ ಎರಡನೇ ದರ್ಜೇಲಿ, ಆಡ್ತು. ಈಗ ಒಂದು ಮ್ಯಾಚಿಗೆ ಒಂಬತ್ತು ವಿದೇಶಿಯರು ಮಾತ್ರ ಅಂತ ಮಿತಿ ಇದೆ. ಆಟಗಾರರು ಬೆಳೆದಿದ್ದು ಆ ಮಿತಿಯಿಂದ, ಇಳಿಕೆ ಇಲ್ದೇ ಲೀಗ್ ಬಾಗಿಲು ಹಾಕ್ಕೊಂಡಿದ್ದರಿಂದ ಅಲ್ಲ.

ಸುಮಾ ಮ್ಯೂನಿಕ್
ಮಿತಿ ಬೇಕು ಅನ್ನೋದ್ರಲ್ಲಿ ನಂಗೆ ನಿಮ್ಗೆ ಜಗಳ ಇಲ್ಲ. ಅದ್ರ ಜೊತೆ ಭದ್ರತೆನೂ ಬೇಕು ಅಂತ ನಾನು ಹೇಳೋದು. ಮೋರಿಟ್ಜ್ ಸೈಡರ್ 2019ರಲ್ಲಿ ಮ್ಯಾನ್‌ಹೈಮ್ ಚಾಂಪಿಯನ್ ಆದಾಗ 18 ವರ್ಷದ ಹುಡುಗ, ಅದೇ ವರ್ಷ ಎನ್‌ಎಚ್‌ಎಲ್‌ನ ಡೆಟ್ರಾಯ್ಟ್‌ನವರು ಡ್ರಾಫ್ಟಲ್ಲಿ, ಅಂದ್ರೆ ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋದ್ರಲ್ಲಿ, ಆರನೇ ನಂಬರಿಗೆ ತಗೊಂಡ್ರು. ಮಾರನೇ ವರ್ಷ ಮ್ಯಾನ್‌ಹೈಮಿಂದ್ಲೇ ಟಿಮ್ ಷ್ಟ್ಯೂಟ್ಸ್ಲ, ಮೂರನೇ ನಂಬರು, ಒಟ್ಟಾವಾಗೆ. ಆಗ ಇಳಿಕೆ ಇರ್ಲಿಲ್ಲ ನೆನಪಿಡಿ.

ವಾಲ್‌ಡಾರ್ಫ್ ವನಜ
ಸೈಡರ್‌ನ ನಾನು ಅರೇನಾದಲ್ಲೇ ನೋಡಿದೀನಿ!! ಎತ್ತರಕ್ಕೆ ತೆಂಗಿನಮರ ಇದ್ದ ಹಾಗೆ, ಆದ್ರೆ ಪಕ್ ಕಾಲಡಿ ಬಂದ್ರೆ ಒಂದು ಚೂರೂ ಗಾಬರಿ ಇಲ್ಲ, ತಲೆ ಎತ್ತಿ ನೋಡಿ ಪಾಸ್ ಕೊಡ್ತಿದ್ದ. ಲಿಯೋನ್ ಡ್ರೈಸೈಟಲ್ ಕೂಡ ಮ್ಯಾನ್‌ಹೈಮಿನ ಕಿರಿಯರ ತಂಡದಲ್ಲೇ ಪಳಗಿದ್ದು.

ಕೊಲೋನ್ ಕಿಟ್ಟಿ
ಹುಟ್ಟಿದ್ದು ಕೊಲೋನಲ್ಲಿ ಮೇಡಂ, ಅದನ್ನ ಬಿಡಬೇಡಿ. ಅವರಪ್ಪ ಪೀಟರ್ ಡ್ರೈಸೈಟಲ್ ನಮ್ಮ ಹೈಯೆಗೆ ಆಡಿದವರು. 1992ರ ಒಲಿಂಪಿಕ್ಸ್ ಕ್ವಾರ್ಟರ್‌ಫೈನಲ್ ಕೆನಡಾ ಮೇಲೆ, ಪೆನಾಲ್ಟಿ ಶಾಟ್ ತನಕ ಹೋಯ್ತು, ಕಡೇ ಹೊಡೆತ ಪೀಟರ್‌ದು. ಪಕ್ ಗೋಲ್‌ಕೀಪರ್ ಕಾಲಿನ ಸಂದಿಯಿಂದ ನುಸುಳ್ತು, ಉರುಳ್ತಾ ಉರುಳ್ತಾ ಹೋಗಿ ಗೆರೆ ಮೇಲೆ ಮಲಗಿಬಿಡ್ತು. ಪೂರ್ತಿ ದಾಟ್ಲಿಲ್ಲ. ಜರ್ಮನಿ ಸೋತು ಹೋಯ್ತು. ಅದೇ ಮನೆ ಮಗ 2020ರಲ್ಲಿ ಎನ್‌ಎಚ್‌ಎಲ್‌ನ ಅತ್ಯುತ್ತಮ ಆಟಗಾರ ಅಂತ ಹಾರ್ಟ್ ಟ್ರೋಫಿ ತಗೊಂಡ.

ಕೊಡಗಿನ ಕೋಲು
ಹಾಕಿ ಅಂತ ನೋಡಿ ಒಳಗೆ ಬಂದೆ, ಐಸ್ ಮೇಲಿನ ಹಾಕಿ ಅಂತ ಆಮೇಲೆ ಗೊತ್ತಾಯ್ತು. ಆದ್ರೂ ಪೂರ್ತಿ ಓದಿದೆ. ಒಂದು ಮಾತು. ನಮ್ಮಲ್ಲಿ ಕೊಡವ ಕೌಟುಂಬಿಕ ಹಾಕಿ 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು, ಮೊದಲ ವರ್ಷ 60 ಕುಟುಂಬ, 2024ರಲ್ಲಿ ನಾಪೋಕ್ಲಿನಲ್ಲಿ 360. ಅಲ್ಲಿ ಟೀಮ್ ಅಂದ್ರೆ ಒಕ್ಕ, ಅಂದ್ರೆ ಒಂದೇ ಮನೆತನ. ತಾತ, ಮೊಮ್ಮಗಳು ಒಂದೇ ಜೆರ್ಸಿ ಹಾಕ್ತಾರೆ. ಸೋತ್ರೆ ಮುಂದಿನ ವರ್ಷ ಮತ್ತೆ ಬರ್ತಾರೆ. ಒಕ್ಕವನ್ನ ಯಾರೂ ಮಾರಕ್ಕಾಗಲ್ಲ. ಇಲ್ಲಿ ನೀವೆಲ್ಲ ಲೈಸೆನ್ಸ್ ಲೈಸೆನ್ಸ್ ಅಂತಿದ್ದೀರಿ, ಅಂದ್ರೆ ಟೀಮನ್ನ ಮಾರಬಹುದಾ?

ಗಣಿತಮೇಷ್ಟ್ರು
ಕೊಡಗಿನವರೇ, ಸರಿಯಾದ ಜಾಗಕ್ಕೆ ಕೈ ಹಾಕಿದ್ರಿ. ನನ್ನ ಮಟ್ಟಿಗೆ ಈ ಲೀಗಿನ ನಿಜವಾದ ಗಾಯ ಇಳಿಕೆ ಅಲ್ಲ, ಲೈಸೆನ್ಸ್ ಮಾರಾಟ. ಲಾಂಡ್ಸ್‌ಹುಟ್ ಅಂತ ಹಳೇ ಹಾಕಿ ಊರು. 1999ರಲ್ಲಿ ಅಮೆರಿಕದ ಆನ್‌ಶುಟ್ಸ್ ಕಂಪನಿಯವರು ಅದರ ಲೈಸೆನ್ಸ್ ತಗೊಂಡು ಮ್ಯೂನಿಕ್ ಬ್ಯಾರನ್ಸ್ ಅಂತ ಮಾಡಿದ್ರು. 2000ದಲ್ಲಿ ಬ್ಯಾರನ್ಸ್ ಚಾಂಪಿಯನ್ ಕೂಡ ಆಯ್ತು. 2002ರಲ್ಲಿ ಅದನ್ನೇ ಎತ್ಕೊಂಡು ಹೋಗಿ ಹ್ಯಾಂಬರ್ಗಲ್ಲಿ ಫ್ರೀಜರ್ಸ್ ಅಂತ ಇಟ್ರು. 2016ರಲ್ಲಿ ಕಂಪನಿಗೆ ಸಾಕಾಯ್ತು, ಮುಚ್ಚಿದ್ರು. ಕ್ಯಾಪ್ಟನ್ನೂ ಅಭಿಮಾನಿಗಳೂ ಸೇರಿ ಚಂದಾ ಎತ್ತಿದ್ರು, ಹನಿ ಹನಿ ಕೂಡಿಸಿದ್ರು, ಉಳಿಸೋಕಾಗ್ಲಿಲ್ಲ. ಲಾಂಡ್ಸ್‌ಹುಟ್‌ನವರಿಗೂ ಇಲ್ಲ, ಮ್ಯೂನಿಕ್‌ನವರಿಗೂ ಇಲ್ಲ, ಹ್ಯಾಂಬರ್ಗಿನವರಿಗೂ ಇಲ್ಲ.

ಹಾಗೇ ರೋಸೆನ್‌ಹೈಮ್ ಲೈಸೆನ್ಸ್ 2000ದಲ್ಲಿ ಈಸರ್ಲೋನಿಗೆ ಹೋಯ್ತು, 2010ರ ಚಾಂಪಿಯನ್ ಹ್ಯಾನೋವರ್ ಸ್ಕಾರ್ಪಿಯನ್ಸ್‌ದು 2013ರಲ್ಲಿ ಶ್ವೆನಿಂಗೆನ್‌ಗೆ. ಆಟದ ಮೇಲೆ ಹತ್ತೋ ದಾರಿ ಮುಚ್ಚಿದ್ರೆ ದುಡ್ಡು ಕೊಟ್ಟು ಹತ್ತೋ ದಾರಿ ತೆರೆಯತ್ತೆ. ಸುಮಾ ಅವ್ರೇ, ಇದಕ್ಕೇನಂತೀರಿ?

ಜಯನಗರ ಜಯಣ್ಣ
ಐಪಿಎಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಕಥೆನೂ ಹಿಂಗೇ ಅಲ್ವಾ, 2009ರಲ್ಲಿ ಕಪ್ಪು, 2012ಕ್ಕೆ ಟೀಮೇ ಇಲ್ಲ.

ಬೆಂದಕಾಳು
ನಮ್ಮ ಬೆಂಗಳೂರು ಎಫ್‌ಸಿ ನೋಡಿ. ಐ-ಲೀಗ್ ಎರಡು ಸಲ ಗೆದ್ರು, 2017ರಲ್ಲಿ ಐಎಸ್‌ಎಲ್‌ಗೆ ಹೋದ್ರು. ಆಟದಲ್ಲಿ ಗೆದ್ದು ಬಡ್ತಿ ಪಡೆದು ಹೋಗಿದ್ದಲ್ಲ, ಬಿಡ್ ಹಾಕಿ ಹೋಗಿದ್ದು. ಕಂಠೀರವದ ಪಶ್ಚಿಮ ಸ್ಟ್ಯಾಂಡಲ್ಲಿ ಕೂಗೋ ಹುಡುಗರಿಗೆ ಈ ಚರ್ಚೆ ಹೊಸದೇನಲ್ಲ.

ಜಯನಗರ ಜಯಣ್ಣ
ಫುಟ್‌ಬಾಲ್ ಶುರು ಮಾಡಿದ್ರೆ ಈ ಥ್ರೆಡ್ ಮುಗಿಯಲ್ಲ, ವಾಪಸ್ ಐಸ್ ಮೇಲೆ ಬನ್ನಿ.

ಸುಮಾ ಮ್ಯೂನಿಕ್
ಮೇಷ್ಟ್ರೇ, ಲೈಸೆನ್ಸ್ ಮಾರಾಟ ತಪ್ಪು ಅಂತ ನಾನೂ ಹೇಳ್ತೀನಿ. ಆದ್ರೆ ಅದೇ ಹ್ಯಾಂಬರ್ಗ್ ಮುಚ್ಚಿದ ಜಾಗಕ್ಕೆ ಯಾರು ಬಂದ್ರು ಹೇಳಿ. ಬ್ರೆಮರ್‌ಹಾಫನ್! ಉತ್ತರದ ಬಂದರು ಊರು, ಮೀನಿನ ವ್ಯಾಪಾರ, ಟೀಮಿನ ಹೆಸರೇ ಫಿಶ್‌ಟೌನ್ ಪಿಂಗ್ವಿನ್ಸ್. ಅಲ್ಲಿನ ಸಣ್ಣ ಸ್ಟೇಡಿಯಂ, ಸಣ್ಣ ಬಜೆಟ್ಟು. ಮೊದಲ ವರ್ಷಗಳಲ್ಲಿ ಅವ್ರಿಗೆ ಇಳಿಯೋ ಭಯ ಇರ್ಲಿಲ್ಲ, ನಿಧಾನಕ್ಕೆ ಟೀಮ್ ಕಟ್ಟಿದ್ರು. 2024ರಲ್ಲಿ 52 ಮ್ಯಾಚ್ ಆದ್ಮೇಲೆ ಪಟ್ಟಿಯಲ್ಲಿ ಮೊದಲನೇ ಸ್ಥಾನ, ಬರ್ಲಿನ್ನು ಮ್ಯೂನಿಕ್ಕು ಎಲ್ಲರಿಗಿಂತ ಮೇಲೆ. ಫೈನಲ್ ತನಕ ಹೋಗಿ ಬರ್ಲಿನ್‌ಗೆ ಸೋತ್ರು. ಭದ್ರತೆ ಸಿಕ್ಕಿದ್ರೆ ಸಣ್ಣ ಊರೂ ಬೆಳೆಯತ್ತೆ.

ಹುಬ್ಬಳ್ಳಿ ಹುಡುಗ
ಇದು ಖರೇ ಅದ. ಬ್ರೆಮರ್‌ಹಾಫನ್ ಮಾತಿಗೆ ನಾ ಸೋತೆ. ಆದ್ರ ಕ್ರೇಫೆಲ್ಡ್ ನೋಡ್ರಿ, 2003ರ ಚಾಂಪಿಯನ್, ಹದಿನೈದು ವರ್ಷ ಯಾರೂ ಇಳೀಲಾರದ ಕಾಲದಾಗ ಅವರಿಗೂ ಅದೇ ಭದ್ರತೆ ಇತ್ತು. ಒಳಗ ಜಗಳ, ರೊಕ್ಕದ ತಾಪತ್ರಯ. ಇಳಿಕೆ ವಾಪಸ್ ಬಂದ ಕೂಡ್ಲೆ 2022ರಾಗ ಮೊದಲು ಇಳಿದವರು ಅವರs. ಭದ್ರತೆ ಕೊಟ್ರ ಕೆಲವರು ಕಟ್ಟತಾರ, ಕೆಲವರು ಮಲಗ್ತಾರ.

ಯಕ್ಷ ಪ್ರಿಯ
ದಿವಾಳಿ ವಿಷಯ ಬಂತಲ್ಲ, ಈಸರ್ಲೋನ್ ರೂಸ್ಟರ್ಸ್ ಟೀಮು 1987ರಲ್ಲಿ ಲಿಬಿಯಾದ ಸರ್ವಾಧಿಕಾರಿ ಗದ್ದಾಫಿ ಬರೆದ ರಾಜಕೀಯ ಪುಸ್ತಕ, ಹಸಿರು ಪುಸ್ತಕ ಅಂತ, ಅದ್ರ ಜಾಹೀರಾತನ್ನ ಜೆರ್ಸಿ ಮೇಲೆ ಹಾಕ್ಕೊಂಡು ಆಡಿತ್ತಂತೆ. ನಿಜವಾ ಇದು?

ಗಣಿತಮೇಷ್ಟ್ರು
ಘಟನೆ ನಿಜ, ಕ್ಲಬ್ ಬೇರೆ. ಆಗ ಇದ್ದಿದ್ದು ಇಸಿಡಿ ಈಸರ್ಲೋನ್, ರೂಸ್ಟರ್ಸ್ ಆಮೇಲೆ ಹುಟ್ಟಿದ್ದು. ಹೈಂಟ್ಸ್ ವೈಫೆನ್‌ಬಾಕ್ ಅಂತ ಅಧ್ಯಕ್ಷರು, ಕ್ಲಬ್ಬಿನ ಮೇಲೆ ತೆರಿಗೆ ಸಾಲ ಬೆಟ್ಟದಷ್ಟು. ಅವ್ರು ಲಿಬಿಯಾಗೆ ಹೋಗಿ ಮಾತಾಡಿ ಬಂದ್ರು. ಆಟಗಾರರ ಎದೆ ಮೇಲೆ ಹಸಿರು ಪುಸ್ತಕ. ದೇಶ ಪೂರ್ತಿ ಗಲಾಟೆ ಆಯ್ತು, ಒಂದೇ ಮ್ಯಾಚಿಗೆ ನಿಂತ್ಹೋಯ್ತು, ಕ್ಲಬ್ಬೂ ಸ್ವಲ್ಪ ದಿನಕ್ಕೆ ಮುಳುಗ್ತು. ಊರಿನ ಜನ ಮತ್ತೆ ಹೊಸ ಕ್ಲಬ್ ಕಟ್ಟಿ ಮೇಲೆ ತಂದ್ರು. ಈಸರ್ಲೋನ್ ಇವತ್ತಿಗೂ ಡಿಇಎಲ್‌ನಲ್ಲಿದೆ.

ಬರ್ಲಿನ್ ಬಸವ
ತಡವಾಗಿ ಬಂದೆ. ಬರ್ಲಿನ್ ಕಥೆ ಯಾರೂ ಸರಿಯಾಗಿ ಹೇಳಿಲ್ಲ. ಐಸ್‌ಬೇರೆನ್ ಅಂದ್ರೆ ಈಗ ದುಡ್ಡಿನ ಟೀಮು, ಅದೇ ಆನ್‌ಶುಟ್ಸ್ ಕಂಪನಿದು, ಅಂತ ಬೈತಾರೆ. ಅದ್ರ ಬೇರು ಪೂರ್ವ ಜರ್ಮನಿಯ ಡೈನಮೋ ಬರ್ಲಿನ್‌ನಲ್ಲಿದೆ.

1970ರಲ್ಲಿ ಅಲ್ಲಿನ ಸರ್ಕಾರ ಲೆಕ್ಕ ಹಾಕ್ತು. ಒಂದು ಹಾಕಿ ಟೀಮಿಗೆ ಇಪ್ಪತ್ತು ಜನಕ್ಕೂ ಮೇಲೆ ತರಬೇತಿ ಕೊಡ್ಬೇಕು, ಗೆದ್ರೂ ಒಂದೇ ಮೆಡಲ್. ಅದೇ ದುಡ್ಡಲ್ಲಿ ಸ್ಕೇಟಿಂಗ್, ಈಜು ಅಂತ ಮಾಡಿದ್ರೆ ಎಷ್ಟೋ ಮೆಡಲ್. ಹಾಗಾಗಿ ಐಸ್ ಹಾಕಿಗೆ ದುಡ್ಡು ಬಂದ್. ಎಲ್ಲ ಕ್ಲಬ್ಬುಗಳ ಹಾಕಿ ವಿಭಾಗ ಮುಚ್ಚಿಸಿದ್ರು. ಉಳಿದಿದ್ದು ಎರಡೇ, ಡೈನಮೋ ಬರ್ಲಿನ್ ಮತ್ತೆ ಡೈನಮೋ ವೈಸ್‌ವಾಸರ್, ಯಾಕಂದ್ರೆ ಡೈನಮೋ ಅನ್ನೋದು ಪೊಲೀಸರ ಮತ್ತು ಗುಪ್ತಚರ ಇಲಾಖೆಯವರ ಸಂಘ, ಅದ್ರ ಮುಖ್ಯಸ್ಥ ಎರಿಖ್ ಮೀಲ್ಕಗೆ ಹಾಕಿ ಇಷ್ಟ. ಇಪ್ಪತ್ತು ವರ್ಷ, 1990ರ ತನಕ, ರಾಷ್ಟ್ರೀಯ ಲೀಗ್ ಅಂದ್ರೆ ಆ ಎರಡು ಟೀಮು. ಪ್ರತಿವರ್ಷ ಅವರಿವರೇ ಮತ್ತೆ ಮತ್ತೆ ಆಡೋದು. ಎದುರಾಳಿಯ ಹೆಜ್ಜೆ, ಉಸಿರು, ಎಲ್ಲ ಬಾಯಿಪಾಠ. ಜಗತ್ತಿನ ಅತಿ ಚಿಕ್ಕ ಲೀಗ್ ಅಂತ ಕರೀತಿದ್ರು.

ಬರ್ಲಿನ್‌ನವರು ಆಡ್ತಿದ್ದಿದ್ದು ಹೋಹೆನ್‌ಶೋನ್‌ಹೌಸೆನ್‌ನ ವೆಲ್‌ಬ್ಲೆಖ್‌ಪಲಾಸ್ಟ್‌ನಲ್ಲಿ, ಅಂದ್ರೆ ತಗಡಿನ ಅರಮನೆ. ನಾನು ಒಂದು ಸಲ ಅಲ್ಲಿ ಮಕ್ಕಳ ಮ್ಯಾಚ್ ನೋಡೋಕೆ ಹೋಗಿದ್ದೆ. ಸೀಟಲ್ಲಿ ಕೂತ್ರೆ ಮೊಣಕಾಲು ಮುಂದಿನವರ ಬೆನ್ನಿಗೆ ತಾಗತ್ತೆ, ಮಂಜು ಕರಗಿ ಮಾಡಿನಿಂದ ಹನಿ ಬೀಳ್ತಿತ್ತು. ಈಗ ದೊಡ್ಡ ಅರೇನಾದಲ್ಲಿ ಆಡಿದ್ರೂ ಜನ "ಡೈನಮೋ" ಅಂತಾನೇ ಕೂಗ್ತಾರೆ. ಬರ್ಲಿನ್ ಗೋಡೆ ಬಿದ್ದು ಎಷ್ಟು ವರ್ಷ ಆಯ್ತು, ಆ ಕೂಗು ಹೋಗಿಲ್ಲ.

ಕೊಡಗಿನ ಕೋಲು
ಎರಡೇ ಟೀಮಿನ ಲೀಗ್ 20 ವರ್ಷ! ಮೈ ಜುಮ್ ಅಂತು. ಆ ಇನ್ನೊಂದು ಟೀಮ್ ಏನಾಯ್ತು?

ಬರ್ಲಿನ್ ಬಸವ
ವೈಸ್‌ವಾಸರ್ ಪೋಲೆಂಡ್ ಗಡಿ ಹತ್ರ, ಗಾಜಿನ ಕಾರ್ಖಾನೆ ಊರು. ಪೂರ್ವ ಜರ್ಮನಿಯಲ್ಲಿ 25 ಸಲ ಚಾಂಪಿಯನ್, ಬರ್ಲಿನ್ 15. ಎರಡೂ ಜರ್ಮನಿ ಒಂದಾದ ಮೇಲೆ ಕಾರ್ಖಾನೆ ಮುಚ್ಚಿದ್ವು, ಜನ ಊರು ಬಿಟ್ರು. ಟೀಮ್ ಮಾತ್ರ ಇದೆ, ಲೌಸಿಟ್ಜರ್ ಫ್ಯೂಕ್ಸ, ಎರಡನೇ ದರ್ಜೆಯಲ್ಲಿ. ಒಂದು ಕಾಲದಲ್ಲಿ ಸಮಸಮ ಇದ್ದ ಎರಡು ಟೀಮು, ಒಂದು ಹನ್ನೊಂದು ಕಪ್ ಗೆದ್ದಿದೆ, ಇನ್ನೊಂದು ಉಳಿಯೋಕೆ ಹೋರಾಡ್ತಿದೆ.

ಜಯನಗರ ಜಯಣ್ಣ
ಒಂದು ಸಣ್ಣ ಪ್ರಶ್ನೆ, 52 ಮ್ಯಾಚ್ ಅಂದ್ರಲ್ಲ, ಅದಾದ್ಮೇಲೆ ಕಪ್ ಹೇಗೆ ಕೊಡ್ತಾರೆ?

ಸುಳ್ಯದ ಶೀನ
14 ಟೀಮು, 52 ಮ್ಯಾಚು. ಮೂರು ಪೀರಿಯಡ್‌ನಲ್ಲೇ ಗೆದ್ರೆ 3 ಪಾಯಿಂಟ್, ಓವರ್‌ಟೈಮಲ್ಲಿ ಗೆದ್ರೆ 2, ಅಲ್ಲಿ ಸೋತವರಿಗೂ 1. ಮೊದಲ ಆರು ಸ್ಥಾನದವರು ಸೀದಾ ಕ್ವಾರ್ಟರ್‌ಫೈನಲ್, ಏಳರಿಂದ ಹತ್ತರವರು ತಮ್ಮೊಳಗೆ ಆಡಿ ಇಬ್ಬರು ಒಳಗೆ ಬರ್ತಾರೆ. ಆಮೇಲೆ ಯಾರು ಮೊದಲು ನಾಲ್ಕು ಮ್ಯಾಚ್ ಗೆಲ್ತಾರೋ ಅವರು ಮುಂದೆ. ಪ್ಲೇಆಫ್‌ನಲ್ಲಿ ಸಮ ಆದ್ರೆ ಗೋಲ್ ಬೀಳುವ ತನಕ ಆಡ್ಬೇಕು ಮಾರಾಯ್ರೆ, ಪೆನಾಲ್ಟಿ ಇಲ್ಲ.

ವಾಲ್‌ಡಾರ್ಫ್ ವನಜ
2008ರ ಕೊಲೋನ್ ಮ್ಯಾನ್‌ಹೈಮ್ ಮ್ಯಾಚು!! ಮಾರ್ಚ್ 22ಕ್ಕೆ ಶುರುವಾಗಿ 23ಕ್ಕೆ ಮುಗಿದಿದ್ದು. ಆಟದ ಗಡಿಯಾರದಲ್ಲೇ 168 ನಿಮಿಷ 16 ಸೆಕೆಂಡು, ಆರನೇ ಓವರ್‌ಟೈಮು. ನಮ್ಮ ಟೀಮಿನ ಹಿರಿಯ ಸಹೋದ್ಯೋಗಿ ಒಬ್ರು ಅಲ್ಲಿದ್ರಂತೆ, ಪಕ್ಕದಲ್ಲಿದ್ದ ಮಕ್ಕಳೆಲ್ಲ ಅಪ್ಪಂದಿರ ಹೆಗಲ ಮೇಲೆ ನಿದ್ದೆ, ಆಟಗಾರರು ಬೆಂಚಲ್ಲಿ ಬಾಳೆಹಣ್ಣು ತಿಂತಿದ್ರಂತೆ. ನಾವು ಸೋತ್ವಿ, 5-4.

ಕೊಲೋನ್ ಕಿಟ್ಟಿ
ಫಿಲಿಪ್ ಗೊಗುಲ್ಲಾ ಹೊಡೆದ ಗೋಲು. ಆಗ ಅವನಿಗೆ ಇಪ್ಪತ್ತು ವರ್ಷ. ಈ ಒಂದು ಗೋಲಿನ ಬಗ್ಗೆ ಕೊಲೋನಲ್ಲಿ ಯಾವ ಟ್ಯಾಕ್ಸಿಯವರನ್ನ ಕೇಳಿದ್ರೂ ಹೇಳ್ತಾರೆ.

ಸುಮಾ ಮ್ಯೂನಿಕ್
ನಂಗೆ ಮರೆಯೋಕಾಗ್ದೇ ಇರೋದು 2018ರ ಒಲಿಂಪಿಕ್ಸ್ ಫೈನಲ್. ಎನ್‌ಎಚ್‌ಎಲ್‌ನವ್ರು ಆಟಗಾರರನ್ನ ಬಿಡ್ಲಿಲ್ಲ, ಹಾಗಾಗಿ ಜರ್ಮನಿ ಟೀಮಲ್ಲಿ ಇದ್ದವರೆಲ್ಲ ಡಿಇಎಲ್ ಆಟಗಾರರು. ಸ್ವೀಡನ್ ಸೋಲಿಸಿದ್ರು, ಕೆನಡಾ ಸೋಲಿಸಿದ್ರು. ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ರಷ್ಯನ್ನರ ಮೇಲಿನ ಫೈನಲ್ ನೋಡಿದ್ವಿ. 3-2 ಮುಂದಿದ್ರು, ಇನ್ನು ಒಂದು ನಿಮಿಷ ಕೂಡ ಇರ್ಲಿಲ್ಲ, ರಷ್ಯನ್ನರಲ್ಲಿ ಒಬ್ಬ ಶಿಕ್ಷೆಯಲ್ಲಿ ಹೊರಗೆ, ಆದ್ರೂ ಗೋಲ್ ಹೊಡೆದ್ರು. ಓವರ್‌ಟೈಮಲ್ಲಿ ಸೋಲು. ಎದುರು ಮನೆ ಜರ್ಮನ್ ಅಂಕಲ್ ಕಿಟಕಿ ತೆಗೆದು ಚಳೀಲಿ ಸುಮ್ನೆ ನಿಂತಿದ್ರು, ನಾವೂ ಈ ಕಡೆ ನಿಂತಿದ್ವಿ, ಕೈ ಎತ್ತಿದ್ರು, ನಾವೂ ಎತ್ತಿದ್ವಿ. ಮಾತೇ ಇಲ್ಲ. ಅದಾದ ಮಾರನೇ ವಾರ ಮಗ ಸ್ಕೇಟ್ ಬೇಕು ಅಂತ ಹಟ ಹಿಡಿದ.

ಬೆಂದಕಾಳು
ಇದನ್ನ ಓದಿ ನಿಮ್ಮ ಮೇಲಿನ ಸಿಟ್ಟೆಲ್ಲ ಹೋಯ್ತು ಸುಮಾ ಅವ್ರೇ. ಆದ್ರೂ ಇಳಿಕೆ ಇರ್ಬೇಕು 🙂

ಸುಮಾ ಮ್ಯೂನಿಕ್
ಇರ್ಲಿ. ಇಳಿದವರಿಗೆ ಒಂದೆರಡು ವರ್ಷ ಸಂಭಾಳಿಸ್ಕೊಳ್ಳೋಕೆ ದುಡ್ಡಿನ ಸಹಾಯ ಕೊಡ್ಲಿ, ಲೈಸೆನ್ಸ್ ಮಾರಾಟ ನಿಲ್ಲಿಸ್ಲಿ. ಅಷ್ಟಾದ್ರೆ ನಾನೂ ನಿಮ್ಮ ಕಡೆ.

ರೈನ್ ದಂಡೆಯವ
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಇದನ್ನೆಲ್ಲ ಅಜ್ಜನಿಗೆ ಒಂದೊಂದಾಗಿ ಜರ್ಮನ್‌ನಲ್ಲಿ ಹೇಳ್ದೆ. ವೈಸ್‌ವಾಸರ್ ಅಂದ ಕೂಡ್ಲೇ ಅಜ್ಜ ಎದ್ದು ಒಳಗೆ ಹೋಗಿ ಒಂದು ಡಬ್ಬ ತಂದ್ರು. ಹಳೇ ಟಿಕೆಟ್ಟುಗಳು, ಎಲ್ಲ ಬ್ರೇಮ್‌ಸ್ಟ್ರಾಸ ಸ್ಟೇಡಿಯಮ್ಮಿಂದು, ಡಿಇಜಿ 2006ರ ತನಕ ಆಡಿದ ಜಾಗ. ಅದರಲ್ಲಿ 1990ರ ಚಳಿಗಾಲದ್ದು ಒಂದು, ಗೋಡೆ ಬಿದ್ದ ಮೇಲೆ ಪೂರ್ವದ ಟೀಮುಗಳು ಬುಂಡೆಸ್‌ಲೀಗಾಗೆ ಬಂದ ಮೊದಲ ಸೀಸನ್. ವೈಸ್‌ವಾಸರ್ ವಿರುದ್ಧದ ಮ್ಯಾಚು. ಅವತ್ತು ನಿಂತ್ಕೊಂಡೇ ನೋಡಿದ್ರಂತೆ, ಎದುರು ಟೀಮಿನವರು ಐಸಿಗೆ ಇಳಿದಾಗ ಇಡೀ ಸ್ಟೇಡಿಯಂ ಚಪ್ಪಾಳೆ ತಟ್ಟಿತಂತೆ.

ಮುಂದಿನ ಸೀಸನ್ ಎರಡನೇ ದರ್ಜೆಯಲ್ಲಿ ನಮಗೆ ಅದೇ ವೈಸ್‌ವಾಸರ್ ಸಿಗತ್ತೆ. ಕಾಸೆಲ್, ಲಾಂಡ್ಸ್‌ಹುಟ್, ರೇಗನ್ಸ್‌ಬರ್ಗ್, ಪಕ್ಕದೂರು ಕ್ರೇಫೆಲ್ಡ್ ಕೂಡ ಅಲ್ಲೇ ಇದಾರೆ. ಅಜ್ಜ ಪೂರ್ತಿ ಸೀಸನ್ ಟಿಕೆಟ್ ಎರಡು ತಗೊಂಡಾಗಿದೆ, ಒಂದು ನಂದು. ಹುಬ್ಬಳ್ಳಿಯವರೇ, ಕಾಸೆಲ್ ಇಲ್ಲಿಗೆ ಬರೋ ದಿನ ನೀವೂ ಬನ್ನಿ, ಮನೇಲಿ ಊಟ ಮಾಡ್ಕೊಂಡು ಹೋಗೋಣ.

ಹುಬ್ಬಳ್ಳಿ ಹುಡುಗ
ಬರ್ತೀನ್ರೀ. ನಾ ಕಾಸೆಲ್ ಸ್ಕಾರ್ಫ್ ಹಾಕ್ಕೊಂಡ ಬರಾಂವ, ಅಜ್ಜಗ ಮೊದಲs ಹೇಳಿಡ್ರಿ.